ಆ ಕಾರಿನಲ್ಲಿ ನಮ್ಮ ಮಗನೇ ಇದ್ದಿದ್ದರೆ?

ಬೆಳಗಿನ ಪತ್ರಿಕೆಯ ಒಳಪುಟದಲ್ಲಿ ಇಂತಹ ಸುದ್ದಿಯನ್ನು ನೀವು ಎಷ್ಟೋ ಸಲ ಓದಿರುತ್ತೀರಿ: 'ಅಪರಿಚಿತ ವಾಹನ ಡಿಕ್ಕಿ, ಕಾರ್ಮಿಕ ಸಾವು.' ಮೂರು ನಾಲ್ಕು ಸಾಲು, ಅಷ್ಟೇ. ಸತ್ತವನ ಹೆಸರು ಒಮ್ಮೊಮ್ಮೆ ಇರುತ್ತದೆ, ಒಮ್ಮೊಮ್ಮೆ ಅದೂ ಇರುವುದಿಲ್ಲ. ಮರುದಿನ ಆ ಜಾಗದಲ್ಲಿ ಬೇರೆ ಸುದ್ದಿ ಬಂದಿರುತ್ತದೆ. ಆ ವಾಹನ ಯಾರದ್ದು? ಓಡಿಸುತ್ತಿದ್ದವರು ಯಾರು? ಅವರು ಸಿಕ್ಕಿದರೇ? ಸತ್ತವನ ಹೆಂಡತಿ ಮಕ್ಕಳು ಈಗ ಏನು ಮಾಡುತ್ತಿದ್ದಾರೆ? ನಾವು ಕೇಳುವುದಿಲ್ಲ. ಚಹಾ ಮುಗಿಯುವ ಹೊತ್ತಿಗೆ ಆ ಸುದ್ದಿಯೂ ನಮ್ಮ ಮನಸ್ಸಿನಿಂದ ಮರೆಯಾಗಿರುತ್ತದೆ.

ಹಾಗೆ ಕೇಳುತ್ತಾ ಹೋದ ಒಬ್ಬ ಪತ್ರಕರ್ತನ ಕಥೆಯನ್ನು ಕನ್ನಡ ಚಿತ್ರರಂಗ ನಾಲ್ಕು ದಶಕಗಳ ಹಿಂದೆಯೇ ಹೇಳಿತ್ತು. ಅದು ಶಂಕರ್‌ನಾಗ್ ನಿರ್ದೇಶನದ 'ಆಕ್ಸಿಡೆಂಟ್'. 1985ರಲ್ಲಿ ತೆರೆಕಂಡ ಈ ಚಿತ್ರಕ್ಕೆ ಸಾಮಾಜಿಕ ಸಮಸ್ಯೆಗಳ ಕುರಿತ ಅತ್ಯುತ್ತಮ ಚಿತ್ರಕ್ಕೆ ನೀಡುವ ರಾಷ್ಟ್ರಪ್ರಶಸ್ತಿ ಬಂದಿತ್ತು. ಹೊಡೆದಾಟ, ಕುಣಿತಗಳೇ ಚಿತ್ರವನ್ನು ಓಡಿಸುತ್ತವೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ರಾಜಕೀಯ, ಪೊಲೀಸ್ ಠಾಣೆ ಮತ್ತು ಪತ್ರಿಕಾ ಕಚೇರಿಯ ನಡುವೆ ನಡೆಯುವ ಈ ಕಥೆಯನ್ನು ಅವರು ಉಸಿರು ಬಿಗಿಹಿಡಿದು ನೋಡುವಂತೆ ತೆಗೆದರು. ಹಳೆಯ ಚಿತ್ರಗಳನ್ನು ಮೊಬೈಲಿನಲ್ಲೇ ಹುಡುಕಿ ನೋಡುವ ಈ ದಿನಗಳಲ್ಲಿ, ಮನೆಮಂದಿಯೆಲ್ಲ ಕೂತು ಒಮ್ಮೆ ನೋಡಬೇಕಾದ ಚಿತ್ರ ಇದು. ಯಾಕೆಂದರೆ ಇದು ರಾಜಕಾರಣಿಯೊಬ್ಬನ ಕಥೆಯಂತೆ ಕಂಡರೂ ಒಳಗಿನಿಂದ ಒಂದು ಮನೆಯ ಕಥೆ.

ಕಥೆ ಇಷ್ಟು. ಇಬ್ಬರು ಶ್ರೀಮಂತ ಯುವಕರು ಮಾದಕ ವಸ್ತುವಿನ ಅಮಲಿನಲ್ಲಿ ರಾತ್ರಿ ಕಾರು ಓಡಿಸುತ್ತಾರೆ. ಫುಟ್‌ಪಾತಿನ ಮೇಲೆ ಬಡ ಕೂಲಿಕಾರರು ಮಲಗಿದ್ದಾರೆ. ಕಾರು ಅವರ ಮೇಲೆ ಹರಿದುಹೋಗುತ್ತದೆ. ಯುವಕರಲ್ಲಿ ಒಬ್ಬನ ತಂದೆ ಧರ್ಮಾಧಿಕಾರಿ ಎಂಬ ಪ್ರಭಾವಿ ರಾಜಕಾರಣಿ. ಈ ಪಾತ್ರವನ್ನು ಅನಂತ್‌ನಾಗ್ ಮಾಡಿದ್ದಾರೆ. ಮಗನ ಹೆಸರು ಹೊರಗೆ ಬಂದರೆ ತನ್ನ ರಾಜಕೀಯ ಭವಿಷ್ಯವೇ ಮುಗಿಯಿತು ಎಂದು ಅವನಿಗೆ ಗೊತ್ತು. ಸತ್ತವರ ನಡುವೆ ಬದುಕುಳಿದ ಒಬ್ಬ ಕೂಲಿಕಾರ ಇದ್ದಾನೆ. ಈ ಪಾತ್ರದಲ್ಲಿ ರಮೇಶ್ ಭಟ್ ಇದ್ದಾರೆ. ಇನ್ನೊಂದು ಕಡೆ ಸತ್ಯದ ಬೆನ್ನು ಹತ್ತಿದ ಪತ್ರಕರ್ತ ರವಿ, ಅಂದರೆ ಶಂಕರ್‌ನಾಗ್. ತೆರೆಯ ಮೇಲೆ ಅಣ್ಣ ಅಪರಾಧವನ್ನು ಮುಚ್ಚುತ್ತಾನೆ, ನಿಜಜೀವನದಲ್ಲಿ ಅವನ ತಮ್ಮನಾದವನು ಅದನ್ನು ಅಗೆಯುತ್ತಾನೆ. ಕೊನೆಗೆ ಏನಾಯಿತು ಎಂಬುದನ್ನು ಇಲ್ಲಿ ಹೇಳುವುದಿಲ್ಲ, ನೀವೇ ನೋಡಿ.

ಮಲಗಿದ್ದವರು ಯಾರು?

ಚಿತ್ರದಲ್ಲಿ ಅಪಘಾತ ನಡೆಯುವುದು ದೊಡ್ಡ ನಗರದಲ್ಲಿ. ಆದರೆ ಕಲಬುರಗಿಯ ಗಾಜಿಪುರದಲ್ಲಿ ಕೂತು ನೋಡುವವರಿಗೆ ಆ ಫುಟ್‌ಪಾತಿನ ಜನ ಅಪರಿಚಿತರಲ್ಲ. ತೊಗರಿ ರಾಶಿ ಮುಗಿದ ಮೇಲೆ, ಅದರಲ್ಲೂ ಮಳೆ ಕೈಕೊಟ್ಟ ವರ್ಷ, ನಮ್ಮ ಜಿಲ್ಲೆಯ ಹಳ್ಳಿ ಮತ್ತು ತಾಂಡಾಗಳಿಂದ ಜನ ಗುಳೆ ಹೋಗುವುದು ಹೊಸದೇನಲ್ಲ. ಚಿಂಚೋಳಿ, ಆಳಂದ, ಕಮಲಾಪುರದ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಎಂದು ಹೊರಡುತ್ತಾರೆ. ಕಟ್ಟಡ ಕಟ್ಟುವವರಿಗೆ ಮಲಗಲು ಮನೆ ಇರುವುದಿಲ್ಲ. ಶೆಡ್ಡು, ರಸ್ತೆಬದಿ, ಮುಚ್ಚಿದ ಅಂಗಡಿಯ ಮೆಟ್ಟಿಲು, ಇವೇ ಅವರ ಹಾಸಿಗೆ. ರಾತ್ರಿ ರೈಲು ನಿಲ್ದಾಣದಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತ ಇಂತಹ ಕುಟುಂಬಗಳನ್ನು ನೀವೂ ನೋಡಿರುತ್ತೀರಿ. ಪತ್ರಿಕೆಯ ಆ ನಾಲ್ಕು ಸಾಲಿನ ಸುದ್ದಿಯಲ್ಲಿ ಬರುವ 'ಕಾರ್ಮಿಕ' ಇವರೇ.

ದೂರದ ಊರಿನಲ್ಲಿ ಇವರು ಸತ್ತರೆ ಠಾಣೆಗೆ ಹೋಗಿ ಕೇಳುವ ಬಂಧು ಇರುವುದಿಲ್ಲ. ಅಲ್ಲಿನ ಭಾಷೆ ಗೊತ್ತಿರುವುದಿಲ್ಲ, ವಕೀಲರಿಗೆ ಕೊಡಲು ದುಡ್ಡಿರುವುದಿಲ್ಲ. ಹತ್ತು ದಿನ ಕೆಲಸ ಬಿಟ್ಟು ಅಲೆದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಹೀಗಾಗಿ ಇವರ ಸಾವನ್ನು ಮುಚ್ಚಿಹಾಕುವುದು ಬಹಳ ಸುಲಭ. ಧರ್ಮಾಧಿಕಾರಿಯಂತಹವರ ಧೈರ್ಯಕ್ಕೆ ಮೂಲ ಇದೇ.

ತನಿಖಾ ವರದಿ ಎಂದರೆ

ಸಿನಿಮಾ ನೋಡಿದ ಹುಡುಗರು ತನಿಖಾ ಪತ್ರಕರ್ತ ಎಂದರೆ ಬೈಕ್ ಏರಿ ಓಡಾಡುವ ಹೀರೋ ಎಂದುಕೊಳ್ಳುತ್ತಾರೆ. ನಿಜವಾದ ಕೆಲಸ ಬಹಳ ತಾಳ್ಮೆಯದ್ದು. ಅಪಘಾತದ ಸುದ್ದಿಯನ್ನೇ ತೆಗೆದುಕೊಳ್ಳಿ. ಎಫ್ಐಆರ್‌ನಲ್ಲಿ ಬರೆದ ಸಮಯ, ಆಸ್ಪತ್ರೆಯ ದಾಖಲೆಯಲ್ಲಿರುವ ಸಮಯ ಎರಡೂ ಹೊಂದುತ್ತವೆಯೇ? ಪಂಚನಾಮೆಯಲ್ಲಿ ಏನಿದೆ? ಆರ್‌ಟಿಒ ದಾಖಲೆಯ ಪ್ರಕಾರ ಕಾರು ಯಾರ ಹೆಸರಿನಲ್ಲಿದೆ? ಅಪಘಾತದ ಮರುದಿನ ಯಾವ ಗ್ಯಾರೇಜಿನಲ್ಲಿ ಯಾವ ಕಾರಿನ ಗಾಜು ಬದಲಾಯಿತು? ರಕ್ತಪರೀಕ್ಷೆ ಎಷ್ಟು ಗಂಟೆಗೆ ಆಯಿತು? ಇಷ್ಟನ್ನೂ ಒಂದೊಂದಾಗಿ ಕೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ಪರಿಶೀಲಿಸಬೇಕು. ಆರೋಪ ಹೊತ್ತವರನ್ನೂ ಕಂಡು ಅವರ ಮಾತನ್ನೂ ಬರೆದುಕೊಳ್ಳಬೇಕು. ಆಮೇಲೆಯೇ ಅದು ಸುದ್ದಿ. ಅಲ್ಲಿಯವರೆಗೆ ಅದು ಬರೀ ಅನುಮಾನ.

ಅಮೆರಿಕದ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ಇಬ್ಬರು ಯುವ ವರದಿಗಾರರು 1972ರಲ್ಲಿ ಹೀಗೆಯೇ ಹೊರಟಿದ್ದರು. ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ಐವರು ನುಗ್ಗಿದ್ದರು ಎಂಬ ಸಣ್ಣ ಸುದ್ದಿ ಅವರ ಕೈಗೆ ಸಿಕ್ಕಿತು. ಬಾಗಿಲಿಂದ ಬಾಗಿಲಿಗೆ ಅಲೆದು ಅವರು ಒಂದೊಂದೇ ಎಳೆಯನ್ನು ಬಿಡಿಸಿದರು. ಕಾಂಗ್ರೆಸ್ಸಿನ ವಿಚಾರಣೆ, ನ್ಯಾಯಾಲಯದ ಆದೇಶ ಎಲ್ಲವೂ ಸೇರಿ 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡಬೇಕಾಯಿತು. ಆ ಕಥೆ 1976ರಲ್ಲಿ ಹಾಲಿವುಡ್ ಚಿತ್ರವೂ ಆಯಿತು. ಅಲ್ಲಿ ಪತ್ರಕರ್ತರ ಹಿಂದೆ ಒಂದು ದೊಡ್ಡ ಪತ್ರಿಕೆ ನಿಂತಿತ್ತು. ನಮ್ಮ 'ಆಕ್ಸಿಡೆಂಟ್' ಹೇಳುವ ಸತ್ಯ ಇನ್ನೂ ಕಹಿ. ಸತ್ಯ ಗೊತ್ತಾದ ಮಾತ್ರಕ್ಕೆ ನ್ಯಾಯ ಸಿಗುವುದಿಲ್ಲ, ಅದನ್ನು ಹೇಳುವ ಸಾಕ್ಷಿ ಬೇಕು, ಕೇಳುವ ಸಮಾಜ ಬೇಕು ಎಂಬುದನ್ನು ಈ ಚಿತ್ರ ತೋರಿಸುತ್ತದೆ.

ಸಿನಿಮಾ ನಿಜವಾದಾಗ

ಚಿತ್ರ ಬಂದು 14 ವರ್ಷಗಳ ಮೇಲೆ, 1999ರ ಜನವರಿ 10ರ ನಸುಕಿನಲ್ಲಿ, ದಿಲ್ಲಿಯ ಲೋಧಿ ಕಾಲೋನಿಯಲ್ಲಿ ವೇಗವಾಗಿ ಬಂದ ಬಿಎಂಡಬ್ಲ್ಯು ಕಾರೊಂದು ಆರು ಜನರ ಪ್ರಾಣ ತೆಗೆಯಿತು. ಅವರಲ್ಲಿ ಮೂವರು ಪೊಲೀಸರು. ಕಾರಿನಿಂದ ಸೋರಿದ ಎಣ್ಣೆಯ ಜಾಡು ಹಿಡಿದು ಹೋದ ಪೊಲೀಸರಿಗೆ ಶ್ರೀಮಂತರ ಬಡಾವಣೆಯ ಮನೆಯೊಂದರಲ್ಲಿ ಆ ಕಾರು ಸಿಕ್ಕಿತು. ಓಡಿಸುತ್ತಿದ್ದವನು ನೌಕಾಪಡೆಯ ಮಾಜಿ ಮುಖ್ಯಸ್ಥರ ಮೊಮ್ಮಗ. ಪ್ರಕರಣ ವರ್ಷಗಟ್ಟಲೆ ಎಳೆಯಿತು. ಮುಖ್ಯ ಸಾಕ್ಷಿಯೊಬ್ಬನು ಡಿಕ್ಕಿ ಹೊಡೆದದ್ದು ಲಾರಿ ಎಂದು ಮಾತು ಬದಲಿಸಿದ. 2007ರ ಮೇ ತಿಂಗಳಲ್ಲಿ ಎನ್‌ಡಿಟಿವಿ ವಾಹಿನಿ ರಹಸ್ಯ ಕ್ಯಾಮೆರಾದ ವರದಿಯೊಂದನ್ನು ಪ್ರಸಾರ ಮಾಡಿತು. ಸಾಕ್ಷಿಯ ಬಾಯಿ ಮುಚ್ಚಿಸಲು ವಕೀಲರ ಮಟ್ಟದಲ್ಲೇ ಏನು ನಡೆಯುತ್ತಿದೆ ಎಂಬುದನ್ನು ದೇಶವೇ ನೋಡಿತು. 2008ರಲ್ಲಿ ಆರೋಪಿಗೆ ಶಿಕ್ಷೆಯಾಯಿತು. ಆರೋಪಿ ಪರ ಹಿರಿಯ ವಕೀಲರ ಮೇಲಿನ ನ್ಯಾಯಾಂಗ ನಿಂದನೆಯ ತೀರ್ಪನ್ನು 2009ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು.

ಮುಂಬೈಯ ಬಾಂದ್ರಾ ಪ್ರಕರಣವನ್ನು ನೀವು ಮರೆತಿರಲಾರಿರಿ. 2002ರ ಸೆಪ್ಟೆಂಬರ್‌ನಲ್ಲಿ ಬೇಕರಿಯೊಂದರ ಮುಂದೆ ಮಲಗಿದ್ದವರ ಮೇಲೆ ಹೆಸರಾಂತ ನಟನೊಬ್ಬನ ಕಾರು ಹರಿದು ಒಬ್ಬರು ತೀರಿಕೊಂಡರು, ನಾಲ್ವರು ಗಾಯಗೊಂಡರು. 2015ರ ಮೇ ತಿಂಗಳಲ್ಲಿ ಸೆಷನ್ಸ್ ನ್ಯಾಯಾಲಯ ಶಿಕ್ಷೆ ವಿಧಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಾಕ್ಷ್ಯ ಸಾಲದೆಂದು ಹೈಕೋರ್ಟ್ ನಟನನ್ನು ಬಿಡುಗಡೆ ಮಾಡಿತು. ತೀರ್ಪಿನ ಚರ್ಚೆ ನಮಗೆ ಬೇಡ. ಆದರೆ ಮೊದಲ ದೂರು ಕೊಟ್ಟ ಪೊಲೀಸ್ ಕಾನ್‌ಸ್ಟೆಬಲ್, ಪ್ರಕರಣ ಮುಗಿಯುವ ಎಷ್ಟೋ ಮೊದಲು ಕೆಲಸ ಕಳೆದುಕೊಂಡು, 2007ರಲ್ಲಿ ಕ್ಷಯರೋಗದಿಂದ ತೀರಿಕೊಂಡರು ಎಂಬುದನ್ನು ಮಾತ್ರ ನೆನಪಿಡಿ. ಸಾಕ್ಷಿ ಹೇಳಿದವನ ಬದುಕು ಏನಾಗುತ್ತದೆ ಎಂದು ನಾವು ಕೇಳುವುದೇ ಅಪರೂಪ.

ಇನ್ನು 2024ರ ಮೇ 19ರ ಪುಣೆಯ ಘಟನೆ. 17 ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಡಿಕ್ಕಿ ಹೊಡೆದು ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. ಕೆಲವೇ ಗಂಟೆಗಳಲ್ಲಿ ಹುಡುಗನಿಗೆ ಜಾಮೀನು ಸಿಕ್ಕಿತು. ಜಾಮೀನಿನ ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ! ಪತ್ರಿಕೆಗಳೂ ಜನರೂ ಬಿಡದೆ ಪ್ರಶ್ನಿಸಿದ ಮೇಲೆ ತನಿಖೆ ಬಿರುಸಾಯಿತು. ಹುಡುಗನ ರಕ್ತದ ಮಾದರಿಯನ್ನೇ ಬದಲಾಯಿಸಲಾಯಿತು ಎಂಬ ಆರೋಪದಲ್ಲಿ ಸರಕಾರಿ ಆಸ್ಪತ್ರೆಯ ವೈದ್ಯರನ್ನೂ ಹುಡುಗನ ತಂದೆ ತಾಯಿಯನ್ನೂ ಪೊಲೀಸರು ಬಂಧಿಸಿದರು.

ಕೇಳಿದವರು ತೆತ್ತ ಬೆಲೆ

ಪ್ರಶ್ನೆ ಕೇಳುವುದು ಸುಲಭದ ಕೆಲಸವಲ್ಲ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಕಲಬುರಗಿ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಆ ರಾಜ್ಯದ ರಾಜಧಾನಿಯಲ್ಲಿ 'ಇಮ್ರೋಜ್' ಎಂಬ ಉರ್ದು ಪತ್ರಿಕೆ ನಡೆಸುತ್ತಿದ್ದ ತರುಣ ಶೋಯಬುಲ್ಲಾ ಖಾನ್. ಜನಪ್ರತಿನಿಧಿ ಸರಕಾರ ಬೇಕು, ಹೈದರಾಬಾದ್ ಭಾರತದೊಂದಿಗೆ ಸೇರಬೇಕು ಎಂದು ಅವರು ಬರೆದರು. ರಜಾಕಾರರ ದೌರ್ಜನ್ಯವನ್ನು ಬಯಲಿಗೆಳೆದರು. ಬೆದರಿಕೆ ಬಂದರೂ ಲೇಖನಿ ಕೆಳಗಿಡಲಿಲ್ಲ. 1948ರ ಆಗಸ್ಟ್ 21ರ ರಾತ್ರಿ ಕೆಲಸ ಮುಗಿಸಿ ಕಾಚಿಗುಡಾದ ಮನೆಗೆ ಮರಳುವಾಗ ಅವರ ಮೇಲೆ ದಾಳಿಯಾಯಿತು. ಗುಂಡು ಹಾರಿಸಿದವರು ಬರೆಯುವ ಕೈಯನ್ನೂ ಕತ್ತರಿಸಿದರು. ಜೊತೆಗಿದ್ದ ಬಂಧುವೂ ಗಾಯಗೊಂಡರು. ಮುಂದಿನ ತಿಂಗಳ 17ರಂದು ಹೈದರಾಬಾದ್ ಸೇನೆ ಶರಣಾಯಿತು. ತಮ್ಮದೇ ಸಮುದಾಯದ ಹೆಸರು ಹೇಳಿಕೊಂಡು ಅನ್ಯಾಯ ಮಾಡುತ್ತಿದ್ದವರನ್ನು ಪ್ರಶ್ನಿಸಿದ್ದಕ್ಕೆ ಆ ತರುಣ ಪ್ರಾಣ ಕೊಟ್ಟರು. ಪ್ರತಿವರ್ಷ ಸೆಪ್ಟೆಂಬರ್ 17ರಂದು ನಮ್ಮ ಊರಿನಲ್ಲಿ ಧ್ವಜ ಏರುವಾಗ ಮಕ್ಕಳಿಗೆ ಈ ಹೆಸರನ್ನೂ ಹೇಳಿಕೊಡಬೇಕು.

ಕನ್ನಡದಲ್ಲಿ ಪಿ. ಲಂಕೇಶ್ 1980ರಲ್ಲಿ 'ಲಂಕೇಶ್ ಪತ್ರಿಕೆ' ಆರಂಭಿಸಿದಾಗ ಜಾಹೀರಾತೇ ಇಲ್ಲದೆ, ಓದುಗರು ಕೊಡುವ ಹಣದಿಂದಲೇ ನಡೆಸಿದರು. ಜಾಹೀರಾತು ಕೊಟ್ಟವನು ನಾಳೆ ಸುದ್ದಿ ಹಾಕಬೇಡ ಎಂದೂ ಹೇಳಬಹುದಲ್ಲವೇ? 'ಆಕ್ಸಿಡೆಂಟ್' ಬಂದ ಕಾಲ ಅದೇ. ಮಂತ್ರಿಗಳು ವಾರಪತ್ರಿಕೆಯ ಪುಟ ತೆರೆಯಲು ಹೆದರುತ್ತಿದ್ದ ಕಾಲ. ಅವರ ಮಗಳು ಗೌರಿ ಲಂಕೇಶ್ ತಮ್ಮದೇ ವಾರಪತ್ರಿಕೆ ನಡೆಸುತ್ತಿದ್ದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ತಮ್ಮ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು.

ಧರ್ಮಾಧಿಕಾರಿ ಎಂಬ ತಂದೆ

ಈಗ ಸಿನಿಮಾಕ್ಕೆ ಮರಳೋಣ. ಧರ್ಮಾಧಿಕಾರಿಯನ್ನು ನೋಡಿ ನಮಗೆ ಸಿಟ್ಟು ಬರುತ್ತದೆ. 'ಈ ರಾಜಕಾರಣಿಗಳೇ ಹೀಗೆ' ಎಂದು ಬಯ್ಯುತ್ತೇವೆ. ಸ್ವಲ್ಪ ನಿಲ್ಲಿ. ಅವನು ಮಗನನ್ನು ಉಳಿಸಲು ಹೊರಟ ತಂದೆಯೂ ಹೌದು. ಅವನ ಜಾಗದಲ್ಲಿ ನಾವಿದ್ದರೆ ಏನು ಮಾಡುತ್ತಿದ್ದೆವು?

ನಮ್ಮ ಓಣಿಯಲ್ಲೇ ನೋಡಿ. ಹದಿನಾಲ್ಕು ಹದಿನೈದು ವರ್ಷದ ಹುಡುಗರು ಬೈಕಿನ ಮೇಲೆ ಮೂವರು ಕೂತು ಹಾರುತ್ತಾರೆ. 'ನಮ್ಮ ಹುಡುಗ ಎಷ್ಟು ಚೆನ್ನಾಗಿ ಗಾಡಿ ಓಡಿಸುತ್ತಾನೆ' ಎಂದು ಹಿರಿಯರು ಹೆಮ್ಮೆ ಪಡುತ್ತಾರೆ. ತರಕಾರಿ ತರಲು ಕೀಲಿ ಕೊಟ್ಟು ಕಳುಹಿಸುವವರು ನಾವೇ. ಮುದುಕಿಯೊಬ್ಬಳಿಗೆ ತಾಗಿ ಕಾಲು ಮುರಿದರೆ? ಮೊದಲು ಗಾಡಿಯನ್ನು ಒಳಗೆ ತಂದು ನಿಲ್ಲಿಸುತ್ತೇವೆ. ಆಮೇಲೆ ಪರಿಚಯದ ಲೀಡರ್‌ಗೆ ಫೋನ್ ಮಾಡುತ್ತೇವೆ. 'ಅಣ್ಣಾ, ಸ್ವಲ್ಪ ಠಾಣೆಗೆ ಹೇಳ್ರಿ' ಎನ್ನುತ್ತೇವೆ. ಮುದುಕಿಯ ಮನೆಯವರ ಕೈಗೆ ನಾಲ್ಕು ಸಾವಿರ ಕೊಟ್ಟು 'ಮುಗಿಸಿಬಿಡೋಣ' ಎನ್ನುತ್ತೇವೆ. ಧರ್ಮಾಧಿಕಾರಿ ದೊಡ್ಡ ಮಟ್ಟದಲ್ಲಿ ಮಾಡಿದ್ದೂ ಇದನ್ನೇ. ಆ ಹುಡುಗ ಅಂದು ಕಲಿಯುವ ಪಾಠ ಒಂದೇ: ಏನು ಮಾಡಿದರೂ ಅಬ್ಬಾ ಇದ್ದಾರೆ.

ಕಾನೂನು ಈಗ ಈ ವಿಷಯದಲ್ಲಿ ಕಠಿಣವಾಗಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ ಆಗಬಹುದು. ವಾಹನದ ನೋಂದಣಿಯೂ ಒಂದು ವರ್ಷ ರದ್ದಾಗುತ್ತದೆ. ಆದರೆ ಕಾನೂನಿಗಿಂತ ಮೊದಲು ಮನೆಯ ಯಜಮಾನ, ಮನೆಯ ತಾಯಿ ಕೀಲಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು.

ಅಮಲಿನ ವಿಷಯವೂ ಹಾಗೆಯೇ. ಈ ಚಿತ್ರ ಬಂದ 1985ರಲ್ಲೇ ದೇಶದಲ್ಲಿ ಮಾದಕ ವಸ್ತುಗಳ ವಿರುದ್ಧದ ಎನ್‌ಡಿಪಿಎಸ್ ಕಾಯ್ದೆ ಬಂತು. ಅಂದು ಇದು ದೊಡ್ಡ ನಗರದ ಶ್ರೀಮಂತರ ಮಕ್ಕಳ ರೋಗ ಎಂದುಕೊಂಡಿದ್ದೆವು. ಇಂದು ಹಾಗೆ ಹೇಳಿ ನೆಮ್ಮದಿಯಾಗಿ ಮಲಗುವ ಸ್ಥಿತಿಯಲ್ಲಿ ಯಾವ ಊರಿನ ತಾಯಿಯೂ ಇಲ್ಲ. ಮಗ ಯಾರ ಜೊತೆ ಕೂರುತ್ತಾನೆ, ರಾತ್ರಿ ಎಷ್ಟು ಗಂಟೆಗೆ ಬರುತ್ತಾನೆ, ಕಣ್ಣು ಯಾಕೆ ಕೆಂಪಾಗಿದೆ ಎಂದು ಮನೆಯಲ್ಲಿ ಕೇಳುವವರಿದ್ದರೆ ಎಷ್ಟೋ ಅನಾಹುತ ಬಾಗಿಲಲ್ಲೇ ತಡೆಯುತ್ತದೆ. ಚಿತ್ರದ ಆ ಶ್ರೀಮಂತ ಮಗನಿಗೆ ತಂದೆಯ ಕಾರು, ಹಣ, ಹೆಸರು ಎಲ್ಲವೂ ಇದ್ದವು.

ನಾವೇನು ಮಾಡಬಹುದು?

'ನಮಗ್ಯಾಕ ಬೇಕು ಊರ ಉಸಾಬರಿ' ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಅಪಘಾತ ನೋಡಿದವರು ಹತ್ತು ಜನ ಇದ್ದರೂ ಪೊಲೀಸರು ಬಂದಾಗ ಒಬ್ಬರೂ ಇರುವುದಿಲ್ಲ. ಕೋರ್ಟು ಕಚೇರಿ ಅಲೆಯಬೇಕಾದೀತು ಎಂಬ ಹೆದರಿಕೆ. ಆ ಹೆದರಿಕೆ ಈಗ ಬೇಡ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರ ಮೇಲೆ ಯಾವ ಕೇಸೂ ಹಾಕುವಂತಿಲ್ಲ, ಹೆಸರು ವಿಳಾಸ ಹೇಳಲು ಬಲವಂತ ಮಾಡುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಸಾಕ್ಷಿ ಹೇಳುವುದು ನಿಮ್ಮ ಇಚ್ಛೆ. ಆದರೆ ನೀವು ಹೇಳದಿದ್ದರೆ ಯಾವ ರವಿಯೂ ಏನನ್ನೂ ಸಾಬೀತು ಮಾಡಲಾರ.

ಸಂತ್ರಸ್ತರ ಮನೆಯವರಿಗೆ ದಾರಿ ತೋರಿಸುವುದೂ ಒಂದು ದೊಡ್ಡ ಕೆಲಸ. ದೂರು ಕೊಟ್ಟವರಿಗೆ ಎಫ್ಐಆರ್ ಪ್ರತಿ ಉಚಿತವಾಗಿ ಸಿಗಬೇಕು, ಅದು ಅವರ ಹಕ್ಕು. ಡಿಕ್ಕಿ ಹೊಡೆದ ವಾಹನ ಯಾವುದೆಂದು ಪತ್ತೆಯಾಗದಿದ್ದರೂ ಪರಿಹಾರ ಇದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೋಜನೆಯಲ್ಲಿ ಸಾವಾದರೆ 2 ಲಕ್ಷ ರೂಪಾಯಿ, ಗಂಭೀರ ಗಾಯವಾದರೆ 50 ಸಾವಿರ ರೂಪಾಯಿ ನಿಗದಿಯಾಗಿದೆ. ಅಪಘಾತ ನಡೆದ ಕಡೆಯ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕು. ಗುಳೆ ಹೋದ ಎಷ್ಟು ಕುಟುಂಬಗಳಿಗೆ ಇದು ಗೊತ್ತು? ನಿಮ್ಮ ಮನೆಗೆ ಕೆಲಸಕ್ಕೆ ಬರುವವರಿಗೆ, ನೀವು ಬಲ್ಲ ಗೌಂಡಿ ಕೆಲಸದವರಿಗೆ ಒಮ್ಮೆ ತಿಳಿಸಿ.

ಸರಕಾರಿ ಕಚೇರಿಯಲ್ಲಿ ಕಡತ ಎಲ್ಲಿ ನಿಂತಿದೆ ಎಂದು ಕೇಳಲು ಪತ್ರಕರ್ತರೇ ಆಗಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಆ ಶುಲ್ಕವೂ ಇಲ್ಲ. ಕೇಂದ್ರದ ಕಾಯ್ದೆ ಬರುವ ಮೊದಲೇ, 2000ದಲ್ಲಿ, ಇಂತಹ ಕಾಯ್ದೆ ಮಾಡಿದ ರಾಜ್ಯ ನಮ್ಮದು.

ಇನ್ನೊಂದು ಮಾತು. ಮೊಬೈಲಿಗೆ ಬಂದದ್ದನ್ನೆಲ್ಲ ಹತ್ತು ಜನರಿಗೆ ಕಳುಹಿಸುವುದು ಪತ್ರಿಕೋದ್ಯಮವಲ್ಲ. ಅಪಘಾತವಾದ ಅರ್ಧ ಗಂಟೆಯಲ್ಲಿ ಚಾಲಕನ ಹೆಸರು, ಜಾತಿ, ಧರ್ಮ ಎಲ್ಲವನ್ನೂ ಸೇರಿಸಿ ಸಂದೇಶ ಹರಿದಾಡುತ್ತದೆ. ಅದು ಸುಳ್ಳೆಂದು ಗೊತ್ತಾಗುವ ಹೊತ್ತಿಗೆ ಒಂದು ಮನೆಯ ಮಾನ ಹೋಗಿರುತ್ತದೆ. ಪ್ರಶ್ನೆ ಕೇಳುವವನಿಗೆ ಕಾಯುವ ತಾಳ್ಮೆಯೂ ಇರಬೇಕು.

ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲೇ ತೀರಿಕೊಂಡರು. ಆಗ ಅವರಿಗೆ 35 ವರ್ಷ. ರಸ್ತೆಯ ಮೇಲಿನ ಒಂದು ಸಾವಿನ ಹಿಂದೆ ಎಷ್ಟು ಜನರ ಬದುಕು ಇರುತ್ತದೆ ಎಂದು ತೋರಿಸಿದವರು ಅವರು.

ಮುಂದಿನ ಸಲ ಪತ್ರಿಕೆಯಲ್ಲಿ 'ಅಪರಿಚಿತ ವಾಹನ' ಎಂದು ಓದಿದಾಗ ಪುಟ ತಿರುಗಿಸುವ ಮೊದಲು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ. 'ಆ ಕಾರಿನಲ್ಲಿ ನೀನಿದ್ದಿದ್ದರೆ ಏನು ಮಾಡುತ್ತಿದ್ದೆ?' ಅವರು ಯೋಚಿಸಿ ಉತ್ತರ ಹೇಳಲಿ. ಆಮೇಲೆ ಅವರು ತಿರುಗಿ ನಿಮ್ಮನ್ನೇ ಕೇಳಬಹುದು: 'ನಾನಿದ್ದಿದ್ದರೆ ನೀವು ಏನು ಮಾಡುತ್ತಿದ್ದಿರಿ, ಅಬ್ಬಾ?' ಆ ಉತ್ತರವನ್ನು ಇಂದೇ ಯೋಚಿಸಿ ಇಟ್ಟುಕೊಳ್ಳಿ.